ಅಳಿಯನ ಮೂಲೆಗೆ ನುಗ್ಗುವ ಆಟ

ಎಂಬತ್ತರ ದಶಕದಲ್ಲಿ ಅಫಜಲಪುರದ ನಮ್ಮ ಕಬಡ್ಡಿ ತಂಡದ ಕ್ಯಾಪ್ಟನ್ನರಿಗೆ ಒಂದು ಕಿರಾಣಿ ಅಂಗಡಿ ಇತ್ತು. ಅದರಲ್ಲಿ ಕೂರುತ್ತಿದ್ದವರು ಅವರ ಹೆಂಡತಿ. ಐವತ್ತು ದಾಟಿದ್ದರೂ ಪಂದ್ಯದ ಹಿಂದಿನ ದಿನ ಕ್ಯಾಪ್ಟನ್ನರು ಮೀಸೆಗೆ ಬಣ್ಣ ಹಚ್ಚುತ್ತಿದ್ದರು. ಚಡ್ಡಿಯ ಲಾಡಿ ಬಿಗಿಯುವಾಗ ಹೊಟ್ಟೆಯನ್ನು ಒಳಗೆಳೆದುಕೊಂಡು, “ದಮ್ ಇರೂತನಾ ಆಡ್ತೇನಿ” ಅನ್ನುತ್ತಿದ್ದರು. ಹೊಟ್ಟೆ ಹೊರಗೆ ಬಂದ ಮೇಲೆ ಆ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಆದರೂ ಜೇವರ್ಗಿ ತಂಡದ ಮೇಲೆ ಮಾತ್ರ ಅವರು ಪಾಯಿಂಟ್ ತರದೆ ಮರಳಿದ್ದಿಲ್ಲ. ಆ ತಂಡದ ಬಲಮೂಲೆಯಲ್ಲಿ ನಿಲ್ಲುವವನಿಗೇ ಹಿರಿಮಗಳನ್ನು ಕೊಟ್ಟಿದ್ದರು. ಮಾವನನ್ನು ಹಿಡಿದು ಕೆಡವುವ ಅಳಿಯ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಕ್ಯಾಪ್ಟನ್ನರು ನೇರ ಅವನ ಮೂಲೆಗೇ ನುಗ್ಗಿ, ಹೆಗಲು ಮುಟ್ಟಿ, ಹುಲಿ ಹೊಡೆದವರಂತೆ ಬರುತ್ತಿದ್ದರು. ಅಳಿಯ ತಲೆ ತಗ್ಗಿಸಿ ಹೊರಗೆ ಹೋಗಿ ಕೂರುತ್ತಿದ್ದ.

ಒಮ್ಮೆ ಜೇವರ್ಗಿಯಲ್ಲೇ ಪಂದ್ಯವಿದ್ದಾಗ ಮಗಳು ಗೆರೆಯ ಪಕ್ಕ ಬಂದು ನಿಂತಳು. “ಅವ್ವ ಜ್ವರದಾಗ ಅಂಗಡ್ಯಾಗ ಕುಂತಾಳ. ಇವತ್ತ ಅಪ್ಪನ್ನ ಬಿಡಬ್ಯಾಡ್ರಿ” ಎಂದು ಗಂಡನಿಗೆ ಹೇಳಿದಳು.

ಅಳಿಯ ಮಾವನನ್ನು ಕೆಡವಲಿಲ್ಲ. ಸೊಂಟಕ್ಕೆ ಕೈ ಹಾಕಿ ಎತ್ತಿ, ಜೋಳದ ಚೀಲ ಇಳಿಸಿದಂತೆ ಮೆಲ್ಲಗೆ ಅಂಕಣದ ಹೊರಗೆರೆಯಾಚೆ ಇಳಿಸಿದ. ಆಮೇಲೆ ಬಗ್ಗಿ ಪಾದ ಮುಟ್ಟಿ ನಮಸ್ಕರಿಸಿದ. ನಾವು ಸೋತೆವು.

ವಾಪಸು ಬರುವಾಗ ಬಸ್ಸಿನಲ್ಲಿ ಕ್ಯಾಪ್ಟನ್ನರು ಕಿಟಕಿಯಾಚೆ ನೋಡುತ್ತ ಮಂಡಿ ತಿಕ್ಕಿಕೊಳ್ಳುತ್ತಿದ್ದರು. ಹೆಂಡತಿಯ ಜ್ವರದ ಚಿಂತೆ ಇರಬೇಕು ಅಂದುಕೊಂಡೆ. ಊರು ಹತ್ತಿರವಾದಾಗ ನನ್ನ ಕಡೆ ವಾಲಿದರು.

“ಆಳಂದ ಟೀಮಿನಾಗ ಲಗ್ನ ಆಗದವ್ರು ಯಾರ್ ಅದಾರಲೇ? ನಮ್ಮ ಸಣ್ಣ ಮಗಳು ಇನ್ನಾ ಲಗ್ನಕ್ಕ ಅದಾಳ.”