ಕಾಕಾನ ಡಿಸ್ಕು, ಅಕ್ಕನ ಕುರ್ಚಿ

ನಮ್ಮ ಮನೆಯಲ್ಲಿ ಈ ಸಂಗತಿಯನ್ನು ಈಗಲೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ: ಡಿಸ್ಕು ಅಕ್ಕನ ಕೈಯಲ್ಲಿತ್ತು, ಮದುವೆಯ ವಿಡಿಯೊ ಹೋಯಿತು. ನಾನು ಒಪ್ಪುವುದಿಲ್ಲ. ಎಲ್ಲರೂ ತಲೆದೂಗಿ ದಾಟಿಹೋಗುವ ಪದವನ್ನು ಹಿಡಿದು ನಿಲ್ಲಿಸಬೇಕು ಎನ್ನುವುದು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ. ಇಲ್ಲಿ ಆ ಪದ ‘ಕೈಯಲ್ಲಿತ್ತು’. ಕೈಯಲ್ಲಿತ್ತು ಅಂದರೆ ಏನು? ನೋಡಲು ಬರುತ್ತಿತ್ತೇ? ಬರೆಯಲು? ಅಳಿಸಲು? ಮೂರೂ ಒಂದೇ ಎಂದು ಯಾರು ಹೇಳಿದರು?

ನನ್ನಕ್ಕ ಬಸವಕಲ್ಯಾಣದಲ್ಲಿ ನಮ್ಮ ಕಾಕಾ ನಡೆಸುವ ಫೋಟೊ ಸ್ಟುಡಿಯೊದಲ್ಲಿ ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸುತ್ತಾಳೆ. ಅವಳ ಕೈಗೆ ಸಿಕ್ಕರೆ ಬೀಗರ ಜಗಳವೂ ಸಡಗರದಂತೆ ಕಾಣುತ್ತದೆ. ಕಂಪ್ಯೂಟರಿನ ಮುಂದಿನ ಆ ಕುರ್ಚಿ ಬಿಟ್ಟರೆ ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಕಾಕಾನಿಗೆ ಹುಮನಾಬಾದಿನ ಹೆದ್ದಾರಿ ಪಕ್ಕದಲ್ಲಿ ಇನ್ನೊಂದು ಅಂಗಡಿ ಇದೆ. ವಾರದಲ್ಲಿ ಅರ್ಧ ಅವರು ಅಲ್ಲಿಯೇ.

ಮೊದಲು ಸ್ಟುಡಿಯೊಗೆಲ್ಲ ಒಂದೇ ಪಾಸ್‌ವರ್ಡ್. ಅದು ಕಾಕಾನಿಗೆ ಮಾತ್ರ ಗೊತ್ತು. ಅದಿಲ್ಲದಿದ್ದರೆ ಗಿರಾಕಿಯ ಪೆನ್‌ಡ್ರೈವ್ ಕೂಡ ತೆರೆಯದು. ಅದಿದ್ದರೆ ಇಡೀ ಕಂಪ್ಯೂಟರನ್ನೇ ಒರೆಸಿ ಹಾಕಬಹುದು. ಕಾಕಾ ಹುಮನಾಬಾದಿನಲ್ಲಿ, ಗಿರಾಕಿ ಇಲ್ಲಿ. ಅಕ್ಕ ಫೋನ್ ಮಾಡಿದರೆ, “ಚಾ ಕುಡಿಸಿ ಕೂಡಸು, ಬರಾಕತ್ತೇನಿ” ಅನ್ನುವರು. ಗಿರಾಕಿ ಚಹಾ ಕುಡಿದು ಎದುರಿನ ಸ್ಟುಡಿಯೊಗೆ ಹೋಗುವನು.

ಒಂದು ರಜೆಯಲ್ಲಿ ನಾನು ಕಾಕಾನ ಸ್ಟುಡಿಯೊಗೆ ಹೋಗಿ ಕಂಪ್ಯೂಟರಿಗೆ ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿದೆ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್. ಆ ದಿನದ ಹುರುಪು ಇನ್ನೂ ಬೆರಳಲ್ಲಿದೆ! ಯಾವ ಸಾಧನ, ಯಾರಿಗೆ, ಎಷ್ಟು ಎಂದು ಬೇರೆ ಬೇರೆ ಬರೆಯಬಹುದಿತ್ತು. ಗಿರಾಕಿಯ ಪೆನ್‌ಡ್ರೈವನ್ನು ಅಕ್ಕ ತೆರೆಯಬಹುದು, ಅದರೊಳಗಿನ ಯಾವ ಪ್ರೋಗ್ರಾಮೂ ತಾನಾಗಿ ಶುರುವಾಗಕೂಡದು. ಮದುವೆಗಳ ದೊಡ್ಡ ಡಿಸ್ಕನ್ನು ಅವಳು ನೋಡಬಹುದು, ಅದರಲ್ಲಿ ಬರೆಯುವಂತಿಲ್ಲ, ಅಳಿಸುವಂತಿಲ್ಲ. ಜೋಡಿಸಿದ್ದನ್ನು ಬೇರೆ ಕಡೆ ಇಡಬೇಕು. ಕ್ಯಾಮೆರಾದ ಕಾರ್ಡಿನಿಂದ ದೊಡ್ಡ ಡಿಸ್ಕಿಗೆ ತುಂಬುವುದು, ಯಾವುದನ್ನಾದರೂ ಪೂರ್ತಿ ಖಾಲಿ ಮಾಡುವುದು ಕಾಕಾನಿಗೆ ಮಾತ್ರ. “ಮಾಲಕ ನಾ ಇದ್ದೀನಿ, ನನಗ ಎಲ್ಲಾ ಇರ್ಲಿ” ಎಂದು ಅವರೇ ಹಟ ಹಿಡಿದು ಬರೆಸಿಕೊಂಡಿದ್ದರು.

ಕಾಕಾನದು ಇನ್ನೊಂದು ಪದ್ಧತಿ. ಹೊಸ ಡಿಸ್ಕು ಬರಲಿ, ಪೆನ್‌ಡ್ರೈವ್ ಬರಲಿ, ಊದುಬತ್ತಿ ಬೆಳಗಿ, ಕಂಪ್ಯೂಟರಿಗೆ ಚುಚ್ಚಿ, ಅದಕ್ಕೆ ‘ಶರಣು’ ಎಂದೇ ಹೆಸರಿಡುವರು. ನಾನು ಸುಮ್ಮನಿರುತ್ತೇನೆಯೇ?

“ಎಲ್ಲಾಕೂ ಒಂದೇ ಹೆಸರಿಟ್ರ ಗುರ್ತು ಹ್ಯಾಂಗ ಹಿಡಿಯೂದ್ರಿ ಕಾಕಾ?”

“ದೇವರಿಗೆ ಶರಣು ಅನ್ನಾಕ ದಿನಾ ಹೊಸಾ ಹೆಸರು ಹುಡುಕಬೇಕೇನಬೇ? ಕಪ್ ಗೆದ್ದು ಬಂದಾಳಂತ ಕಪ್! ಅದ್ರಾಗ ಚಾ ಕುಡ್ಯಾಕೂ ಬರೂದಿಲ್ಲ.”

ಹೀಗಿರುವಾಗ ಒಂದು ಬೆಳಿಗ್ಗೆ ಹುಮನಾಬಾದಿನ ಕಾಲೇಜಿನಲ್ಲಿದ್ದ ನನಗೆ ಅಕ್ಕನ ಫೋನ್. ಘಾಟಬೋರಾಳದವರ ಮದುವೆಯನ್ನು ಹೊಸ ದೊಡ್ಡ ಡಿಸ್ಕಿಗೆ ತುಂಬಿದ್ದರು. ನಿನ್ನೆ ಇತ್ತು, ಈಗ ಡಿಸ್ಕಿನಲ್ಲಿ ಏನೂ ಇಲ್ಲ. “ಕಾಕಾ ನಾಳಿಂದ ಕೌಂಟರಿಗೆ ಕೂಡು ಅಂದಾರ. ಪಾಸ್‌ಪೋರ್ಟ್ ಫೋಟೊ ಕತ್ತರಿಸಿಕೋತ.”

ಹೆದ್ದಾರಿ ಅಂಗಡಿಗೆ ಓಡಿದೆ. ಆ ಮದುವೆ ತೆಗೆದ ಕ್ಯಾಮೆರಾ ಅಲ್ಲೇ ಚೀಲದಲ್ಲಿತ್ತು, ಕಾರ್ಡು ಅದರೊಳಗೇ ಇತ್ತು. ತೆರೆದರೆ ಅರಿಶಿಣದಿಂದ ಅಕ್ಕಿಕಾಳಿನವರೆಗೆ ಎಲ್ಲವೂ ಇದೆ! ಅಂಗಡಿಯಲ್ಲೇ ಚೀರಿದೆ. ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು ಬಸ್ಸು ಹತ್ತಿದೆ. ಮದುವೆ ಉಳಿದಿತ್ತು. ಉಳಿಯಬೇಕಾದದ್ದು ಅಕ್ಕನ ಕುರ್ಚಿ.

ಸ್ಟುಡಿಯೊಗೆ ಕಾಲಿಟ್ಟೊಡನೆ ಕಾಕಾ ಅಂದರು, “ಬಂದ್ರು ನೋಡ್ರಿ ವಕೀಲರು!”

ಕಾರ್ಡು ಕೊಟ್ಟೆ. ಅವರ ಮುಖ ಅರಳಿತು. ಆದರೂ ಪಟ್ಟು ಸಡಿಲಿಸಲಿಲ್ಲ. “ವಿಡಿಯೊ ಸಿಕ್ತು, ಚಲೋ ಆತು. ಆದ್ರ ಡಿಸ್ಕ್ ಖಾಲಿ ಮಾಡಿದವರು ಡಿಸ್ಕಿನ ಮುಂದ ಕೂಡಬಾರದು. ಅದು ನನ್ನ ಕಾಯ್ದೆ.”

“ಇದು ಪಕ್ಕಾ ಏನ್ರಿ?”

“ಪಕ್ಕಾ.”

ಅಷ್ಟೇ ಬೇಕಿತ್ತು ನನಗೆ. ಕಾಕಾನಿಂದಲೇ ಅವರ ಲಾಗಿನ್ ತೆರೆಸಿ, ಅವರದೇ ಒಂದು ಫೋಟೊವನ್ನು ದೊಡ್ಡ ಡಿಸ್ಕಿಗೆ ಹಾಕಿಸಿದೆ. ಆಮೇಲೆ ಅಕ್ಕನನ್ನು ಅವಳ ಲಾಗಿನ್‌ನಲ್ಲಿ ಕೂರಿಸಿದೆ.

“ಅಕ್ಕಾ, ಕಾಕಾನ್ನ ಅಳಸು.”

“ಲೇ, ಸುಮ್ನಿರ.”

“ಅಳಸು ಅಂತೀನಿ!”

ಅಳಿಸುವ ಗುಂಡಿ ಒತ್ತಿದಳು. ಪರವಾನಗಿ ಇಲ್ಲ ಎಂದಿತು ಯಂತ್ರ. ಮತ್ತೆ ಒತ್ತಿದಳು, ಈ ಸಲ ತುಸು ಜೋರಾಗಿ. ಇಲ್ಲ. ಡಿಸ್ಕನ್ನೇ ಖಾಲಿ ಮಾಡಲು ಹೋದಳು. ಕಾಕಾನ ಪಾಸ್‌ವರ್ಡ್ ಕೇಳಿತು. ಪರದೆಯ ಮೇಲೆ ಕಾಕಾ ಮೀಸೆ ತಿರುವಿಕೊಂಡು ಹಾಗೇ ನಿಂತಿದ್ದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ: “ಏನ್ ಮಾಡಿದ್ರೂ ಹೋಗವಲ್ರಲ್ಲೇ ಇವರು!”

ಕಾಕಾ ಮಾತ್ರ ನಗಲಿಲ್ಲ. “ಹಂಗಾರ ವೈರಸ್ ಬಂದಿರ್ಬೇಕು.”

“ಇರ್ಲಿ. ನಿನ್ನೆ ನೀವು ಏನರ ಖಾಲಿ ಮಾಡೀರೇನ್ರಿ?”

“ದುಬಲಗುಂಡಿ ಗಿರಾಕಿಗೆ ಕೊಡೂ ಪೆನ್‌ಡ್ರೈವ್ ಖಾಲಿ ಮಾಡೀನಿ. ಹಳೇ ಭಜನಿ ಹಾಡು ಇದ್ವು ಅದ್ರಾಗ. ಅದಕ್ಕೂ ಇದಕ್ಕೂ ಏನ ಸಂಬಂಧ?”

“ಎಲ್ಲೈತ್ರಿ ಅದು?”

ಮೇಜಿನ ಮೇಲೇ ಇತ್ತು. ಚುಚ್ಚಿದೆ. ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಹೆಸರು ಬಂದವು: ಶರಣು, ಶರಣು. ಒಂದು ದೊಡ್ಡ ಡಿಸ್ಕು, ಇನ್ನೊಂದು ‘ಖಾಲಿ’ ಪೆನ್‌ಡ್ರೈವ್. ಪೆನ್‌ಡ್ರೈವ್ ತೆರೆದು ಮೊದಲು ಕಂಡದ್ದನ್ನು ಒತ್ತಿದೆ. ತಾಳ, ದಮ್ಮಡಿ, ಹಿಂದೆಯೇ ಗಂಡಸರ ಗುಂಪಿನ ಗಟ್ಟಿ ದನಿ. ಸ್ಟುಡಿಯೊ ತುಂಬ ಭಜನೆ!

ಅಕ್ಕ ನನ್ನ ತೋಳು ಹಿಂಡಿದಳು. ಕಾಕಾ ಒಂದು ಶರಣುವಿನಿಂದ ಇನ್ನೊಂದಕ್ಕೆ ಕಣ್ಣು ಹೊರಳಿಸಿದರು. ಆಮೇಲೆ ಚಸ್ಮಾ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

ಅಕ್ಕ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ನಾನು ಹಾಡಿನ ದನಿ ಇಳಿಸಿ ಕೇಳಿದೆ:

“ಹಂಗಾರ ಕಾಕಾ, ನಿಮ್ಮ ಕಾಯ್ದೆ ಪ್ರಕಾರ, ನಾಳಿಂದ ಡಿಸ್ಕಿನ ಮುಂದ ಯಾರು ಕೂಡಬಾರದ್ರಿ?”