ಸಾಹೇಬರು ನಿಂತ ಜಾಗ

ಅಣ್ಣ ಕರೆದಾಗ ನಾನು ಒಮ್ಮೆಯೂ ಹೋಗಲಿಲ್ಲ. ಪುಣೆಯಲ್ಲಿ ಆಗ ವರ್ಷಕ್ಕೊಮ್ಮೆ ದೊಡ್ಡ ಗಾಲ್ಫ್ ಪಂದ್ಯ ನಡೆಯುತ್ತಿತ್ತು. ಅವನು ಆಟಗಾರರ ಚೀಲ ಹೊರುತ್ತಿದ್ದ.

"ಬಾರೋ ತಮ್ಮಾ, ಈ ಸಲ ನಾವ ಗೆಲ್ತೀವಿ."

"ಗೆಲ್ಲಾವ್ರು ಸಾಹೇಬ್ರು. ನೀ ಬರೇ ಹಮಾಲ," ಎಂದು ನಗುತ್ತಿದ್ದೆ.

ಅವನು ಸಿಟ್ಟಾಗುತ್ತಿರಲಿಲ್ಲ. ಮನೆಯಲ್ಲಿ ಅವ್ವ ಸೂಜಿಗೆ ದಾರ ಪೋಣಿಸುವಾಗಲೂ ತನ್ನ ನೆರಳು ಬೀಳದಂತೆ ಸರಿದು, ಉಸಿರು ಹಿಡಿದು ನಿಲ್ಲುತ್ತಿದ್ದ. ಆಟಗಾರರು ಚೆಂಡು ಹೊಡೆಯುವಾಗ ಪಕ್ಕ ನಿಂತು ಬಂದ ಅಭ್ಯಾಸ.

ಅವನ ಸಾಹೇಬರು ಗೆದ್ದೇಬಿಟ್ಟ ವರ್ಷ ನಾನು ಭೋಸರಿಯ ಕಾರ್ಖಾನೆಯಲ್ಲಿ ಓವರ್‌ಟೈಮ್ ಮಾಡುತ್ತಿದ್ದೆ. ಮರುವರ್ಷ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಹೊರಟೆ.

"ಪಂದ್ಯಾನ ಬಂದ್ ಮಾಡ್ಯಾರಲ್ಲೋ!" ಅಣ್ಣ ನಕ್ಕ. "ಅಂಗಿ ಛಲೋ ಅದ, ನಡಿ."

ಖಾಲಿ ಮೈದಾನದಲ್ಲಿ, ಸಾಹೇಬರು ಕೊನೆಯ ಹೊಡೆತಕ್ಕೆ ನಿಂತಿದ್ದ ಜಾಗದಲ್ಲೇ ನನ್ನನ್ನು ನಿಲ್ಲಿಸಿದ. ತನ್ನ ನೆರಳು ನನ್ನ ಮೇಲೆ ಬೀಳದಂತೆ ಸರಿದು, ಉಸಿರು ಹಿಡಿದು ನಿಂತ.

"ನಂದು ತಪ್ಪಾತೋ ಅಣ್ಣಾ," ಅಂದೆ.