ಅಂಬ್ರಪ್ಪ ಮಾಸ್ತರರ ಗ್ಯಾಂಗು

ಅಂಬ್ರಪ್ಪ ಮಾಸ್ತರರು ತೀರಿಕೊಂಡಾಗ ಊರಿನವರು ಹೈಸ್ಕೂಲಿನ ಮುಂದೆ ಅವರ ಫೋಟೋ ಇಟ್ಟು, ಹಾರ ಹಾಕಿ, ಭಾಷಣ ಮಾಡಿದರು. ಹೆಣ್ಣುಮಕ್ಕಳನ್ನು ಮೈದಾನಕ್ಕೆ ತಂದ ಪುಣ್ಯಾತ್ಮ ಅಂದರು. ತಂದದ್ದು ನಿಜ. ತಂದವರು ಎರಡೇ ವರ್ಷಕ್ಕೆ ಯಾಕೆ ಬಿಟ್ಟರು, ಆಮೇಲೆ ನಿವೃತ್ತರಾಗುವವರೆಗೂ ಇದೇ ಶಾಲೆಯಲ್ಲಿದ್ದರೂ ಇನ್ನೊಂದು ಹೆಣ್ಣುಮಕ್ಕಳ ತಂಡ ಯಾಕೆ ಕಟ್ಟಲಿಲ್ಲ ಅನ್ನುವುದನ್ನು ಒಬ್ಬನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಗೊತ್ತಿದ್ದವರು ನಾವು ತಂಡದ ಹುಡುಗಿಯರು. ನಮ್ಮನ್ನು ಮೈಕಿನ ಹತ್ತಿರ ಯಾರು ಕರೆಯುತ್ತಾರೆ? ನಾನು ಮೋನಮ್ಮ, ಖೋಖೋ ಆಟದಲ್ಲಿ ಕಂಬದ ಪಕ್ಕ ಕೂರುತ್ತಿದ್ದವಳು. ಈಗ ಅಂಗನವಾಡಿ ನಡೆಸುತ್ತೇನೆ. ಬಾಯಿ ಜೋರು ಅಂತ ಊರಲ್ಲಿ ಹೆಸರಿದೆ, ಇರಲಿ.

ನಮ್ಮೂರು ಕೆಂಭಾವಿಯಿಂದ ಹೆಚ್ಚು ದೂರವಿಲ್ಲ. ಕಾಲುವೆ ಬರುವ ಮೊದಲು ಹೈಸ್ಕೂಲಿಗೆ ಇದ್ದದ್ದು ಗಂಡುಹುಡುಗರ ಕಬಡ್ಡಿ ತಂಡ ಒಂದೇ. ಅದನ್ನು ಕಟ್ಟಿದವರು ಮಸ್ತಾನಸಾಬ ಮಾಸ್ತರರು. ನಮ್ಮ ಎರೆನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಆ ಬಿರುಕಿನಲ್ಲಿ ಪಾದ ಸಿಕ್ಕರೆ ಮೂಳೆ ಮುರಿದೇ ಹೋಗುತ್ತದೆ. ಅದಕ್ಕೆ ಅವರು ಹುಡುಗರ ತಲೆಯ ಮೇಲೆ ಹಳ್ಳದ ಉಸುಕು ಹೊರಿಸಿ, ಬಿರುಕು ತುಂಬಿಸಿ, ಅಂಕಣ ಮಾಡುತ್ತಿದ್ದರು. ಉಸುಕು ಹೊರದವನಿಗೆ ಆಟವಿಲ್ಲ. ಆ ತಂಡ ಸುರಪುರ, ಶಹಾಪುರದ ತಂಡಗಳನ್ನು ಕೆಡವಿ ಬಂದದ್ದನ್ನು ನಮ್ಮಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಆಮೇಲೆ ಕಾಲುವೆಗೆ ನೀರು ಬಂತು. ಹುಡುಗರು ಟ್ರ್ಯಾಕ್ಟರ್ ಹತ್ತಿದರು, ಗೊಬ್ಬರದ ಅಂಗಡಿ ಸೇರಿದರು. ಮಸ್ತಾನಸಾಬರು ನಿವೃತ್ತರಾಗುವ ಹೊತ್ತಿಗೆ ಅಂಕಣದಲ್ಲಿ ಜಾಲಿ ಬೆಳೆದಿತ್ತು. ಅವರ ಜಾಗಕ್ಕೆ ಬಹಳ ದಿನ ಯಾರೂ ಬರಲಿಲ್ಲ.

ಕೊನೆಗೆ ಬಂದವರು ಅಂಬ್ರಪ್ಪನವರು, ಹತ್ತಿಕುಣಿ ಕಡೆಯವರು. ಸಣಕಲು ಆಳು, ಮಾತು ಮೆಲ್ಲಗೆ. ಪಿಟಿ ಮಾಸ್ತರ ಅಂದರೆ ಬೆತ್ತ ಅಂತ ತಿಳಿದಿದ್ದ ನಮಗೆ ಇವರು ಗುಮಾಸ್ತರ ಹಾಗೆ ಕಂಡರು. ಬಂದ ವಾರದಲ್ಲೇ ಅವರು ನಮ್ಮ ಓಣಿಯ ಸುಗಲಮ್ಮ ಹಗ್ಗ ಹರಿದ ಎಮ್ಮೆಕರುವನ್ನು ಬೆನ್ನಟ್ಟುವುದನ್ನು ನೋಡಿದರು. ಕರು ಎತ್ತ ತಿರುಗಿದರೆ ಅತ್ತ ತಿರುಗಿ, ಕಾಲುವೆಯ ಏರಿಯ ಮೇಲೆ ಓಡಿ, ಅದರ ಕಿವಿ ಹಿಡಿದು ನಿಲ್ಲಿಸಿದಳು. ಮಾಸ್ತರರು ಸೈಕಲ್ಲಿನಿಂದ ಇಳಿದು, "ಯಾವ ಕ್ಲಾಸವ್ವ ನಿಂದು?" ಅಂದರು. "ಎಂಟನೇತ್ತಿ ರಿ, ಆದ್ರ ಸಾಲಿಗಿ ಹೋಗಾಕತ್ತಿಲ್ರಿ," ಅಂದಳು ಅವಳು.

ಹೋಗದಿರುವುದಕ್ಕೆ ಕಾರಣ ಭತ್ತದ ನಾಟಿ. ನೀರು ಬಂದ ಮೇಲೆ ಜೋಳ ತೊಗರಿ ಬೆಳೆಯುತ್ತಿದ್ದ ನೆಲವೆಲ್ಲ ಗದ್ದೆಯಾಯಿತು. ಸಸಿ ನೆಡಲು ಹೆಣ್ಣುಮಕ್ಕಳೇ ಬೇಕು, ಅದೂ ಗುಂಪಾಗಿ. ಆ ಗುಂಪಿಗೆ ಗ್ಯಾಂಗು ಅನ್ನುತ್ತಾರೆ. ಗ್ಯಾಂಗಿಗೊಬ್ಬ ಮುಕಾದಮ, ಅವನು ಕೆಲಸ ಗೊತ್ತು ಮಾಡುತ್ತಾನೆ. ಗ್ಯಾಂಗಿನಲ್ಲಿ ಹೆಸರು ಸೇರಿತೆಂದರೆ ಒಬ್ಬಳೇ ತಪ್ಪಿಸುವಂತಿಲ್ಲ. ಒಬ್ಬಳು ಕಡಿಮೆಯಾದರೆ ಸಾಲು ಹರಿಯುತ್ತದೆ, ಉಳಿದವರ ಕೆಲಸವೂ ಹೋಗುತ್ತದೆ. ಹೋದರೆ ಎಲ್ಲರೂ, ಇಲ್ಲವಾದರೆ ಯಾರೂ ಇಲ್ಲ. ನಾಟಿಯೂ ಶಾಲೆಯ ಪಂದ್ಯಗಳೂ ಒಂದೇ ತಿಂಗಳಲ್ಲಿ ಬರುತ್ತವೆ. ಅಂಬ್ರಪ್ಪ ಮಾಸ್ತರರು ಮನೆಮನೆಗೆ ತಿರುಗಿ ಖೋಖೋ ತಂಡಕ್ಕೆ ಹುಡುಗಿಯರನ್ನು ಕೇಳಿದರು. ಒಬ್ಬೊಬ್ಬರದು ಒಂದೊಂದು ಗ್ಯಾಂಗು, ಬಿಡುವವರು ಯಾರು? ನಮ್ಮವ್ವನಂತೂ ಚಹಾ ಕೊಟ್ಟು ಕಳಿಸಿದಳು, ಮಗಳನ್ನು ಕೊಡಲಿಲ್ಲ.

ಆಗ ಅವರು ಮಾಡಿದ ಉಪಾಯವನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ, ಆಗ ಮಾತ್ರ ಕುಣಿದಿದ್ದೆ. ತಂಡಕ್ಕೆ ಬೇಕಾದ ಹುಡುಗಿಯರನ್ನೆಲ್ಲ ಸೇರಿಸಿ ಅವರೇ ಒಂದು ಗ್ಯಾಂಗು ಕಟ್ಟಿದರು, ಊರು ಅದನ್ನು ಮಾಸ್ತರ ಗ್ಯಾಂಗು ಅಂದಿತು. ಕಾಲುವೆ ಕೆಳಗೆ ಭತ್ತ ಬೆಳೆಯಲು ಹೊರಗಿನಿಂದ ಬಂದವರು ನೆಲೆಸಿದ ಕ್ಯಾಂಪಿನ ಸಾಹುಕಾರನ ಕಡೆಯ ಆಳು ಭಾಗಣ್ಣನ ಜೊತೆ ಮಾತಾಡಿದರು. ಬೆಳಗ್ಗೆ ನಾಟಿ, ಮಧ್ಯಾಹ್ನ ಶಾಲೆ, ಸಂಜೆ ಖೋಖೋ. ಅವ್ವಂದಿರಿಗೆ ಕೂಲಿ ಬಂತು, ಮಾಸ್ತರರಿಗೆ ತಂಡ ಸಿಕ್ಕಿತು, ನಮಗೆ ಆಟ ಸಿಕ್ಕಿತು. ಹೆಡ್ ಮಾಸ್ತರರು ಬೆಳಗಿನ ಹಾಜರಿ ಕೇಳಲಿಲ್ಲ. ಎಲ್ಲರಿಗೂ ಎಷ್ಟು ಬರೋಬ್ಬರಿ ಆಯಿತು ನೋಡಿ.

ನಾಟಿ ನಮಗೆ ಆಟವೇ ಆಗಿಹೋಯಿತು. ಮಾಸ್ತರರು ಬದುವಿನ ಮೇಲೆ ನಿಂತು ಸೀಟಿ ಊದುವರು, ನಾವು ಸಾಲಾಗಿ ಬಗ್ಗಿ ಹಿಂದಹಿಂದಕ್ಕೆ ಸರಿಯುತ್ತ ಸಸಿ ಚುಚ್ಚುವೆವು. ಕೈಗೂ ಕಾಲಿಗೂ ಎಂಥ ಚುರುಕು ಬಂತೆಂದರೆ, ಬೇರೆ ಗ್ಯಾಂಗಿನ ಹೆಂಗಸರು ಎದ್ದು ನಿಂತು ನೋಡುತ್ತಿದ್ದರು. ಆ ವರ್ಷ ಸುರಪುರದ ಪಂದ್ಯದ ದಿನವೂ ನಸುಕಿನಲ್ಲಿ ಗದ್ದೆಯ ಒಂದು ಮಡಿ ನೆಟ್ಟು, ಕಾಲುವೆಯಲ್ಲಿ ಮುಖ ತೊಳೆದು, ಟ್ರ್ಯಾಕ್ಟರಿನಲ್ಲಿ ಹೋಗಿ ಆಡಿದೆವು. ಗೆದ್ದೆವು. ಸುಗಲಮ್ಮನ ಬೆನ್ನಟ್ಟುವಿಕೆಗೆ ಎದುರಾಳಿಗಳು ಕಂಬ ಸುತ್ತುವುದರೊಳಗೆ ಔಟಾಗುತ್ತಿದ್ದರು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಹಾಡಿ ಹಾಡಿ ಗಂಟಲು ಕೂತಿತ್ತು.

ಮುಂದಿನ ವರ್ಷ ಸುಗಲಮ್ಮ ಒಬ್ಬಳಿಗೇ ಯಾದಗಿರಿಯಿಂದ ಕರೆ ಬಂತು. ಅಲ್ಲಿ ಆಯ್ಕೆಯಾದರೆ ಕ್ರೀಡಾ ಹಾಸ್ಟೆಲು, ಊಟ, ಬಟ್ಟೆ, ಓದು. ಅವಳ ತಾಯಿ ಶೇಖಮ್ಮ ಕೂಲಿಯವಳು, ಗಂಡ ಹಾಸಿಗೆ ಹಿಡಿದಿದ್ದ. ಮಾಸ್ತರರು ಕೇಳಲು ಹೋದಾಗ ಅವಳು ಎಲ್ಲರ ಮುಂದೆ ಒಂದೇ ಮಾತು ಹೇಳಿದಳು.

"ನಿಮ್ಮ ಮಾತಿನ ಮ್ಯಾಲ ಒಂದ್ಸಲ ಕಳಸ್ತೀನ್ರಿ. ಹಾಸ್ಟೆಲ್ ಸಿಕ್ಕಿತಂದ್ರ ಓದಲಿ, ನಾ ಅಡ್ಡ ಬರಲ್ಲ. ಸಿಗಲಿಲ್ಲಂದ್ರ ಸಾಲಿ ಬಿಡ್ಸಿ ಕಾಯಂ ಗ್ಯಾಂಗಿಗಿ ಹಾಕ್ತೀನಿ. ಆಮ್ಯಾಗ ನೀವು ನಮ್ಮ ಬಾಗಲಿಗಿ ಬರಬ್ಯಾಡ್ರಿ."

"ಆತು ತಾಯಿ," ಅಂದರು ಮಾಸ್ತರರು. ಅಂದಿನಿಂದ ಸುಗಲಮ್ಮನಿಗೆ ನಿದ್ದೆಯಿಲ್ಲ, ಊಟವಿಲ್ಲ. ನೀರು ತರಲು ಹೋದರೂ ಓಡುವಳು, ಕೊಡ ಇಳಿಸಿ ಮತ್ತೆ ಓಡುವಳು. "ಮೋನಿ, ಹಾಸ್ಟೆಲ್‌ದಾಗ ಮಂಚ ಇರ್ತಾವಂತ, ಒಬ್ಬೊಬ್ಬರಿಗಿ ಒಂದು," ಅಂದಿದ್ದಳು ನನಗೆ. ನನಗೆ ಹೊಟ್ಟೆಕಿಚ್ಚಾಗಿತ್ತು, ಆದರೂ ಅವಳು ಹೋಗಲಿ ಅಂತ ಮರಿಲಿಂಗನ ಗುಡಿಗೆ ಕಾಯಿ ಒಡೆಸುವ ಹರಕೆ ಹೇಳಿಕೊಂಡಿದ್ದೆ.

ಆಯ್ಕೆಯ ದಿನ ಬಂತು. ಬೆಳಗಿನ ಬಸ್ಸಿಗೆ ಬಸ್‌ಸ್ಟ್ಯಾಂಡಿಗೆ ಬಾ ಅಂತ ಮಾಸ್ತರರು ಅವಳಿಗೆ ಹೇಳಿದ್ದರು. ಬಸ್ಸು ಒಂದೇ. ಅವರು ಅಲ್ಲಿ ಕಾಯುತ್ತಿದ್ದರು. ಅದಕ್ಕೂ ಮೊದಲೇ, ಸೂರ್ಯ ಹುಟ್ಟುವ ಹೊತ್ತಿಗೆ, ಭಾಗಣ್ಣ ಟ್ರ್ಯಾಕ್ಟರ್ ತಂದು ನಮ್ಮ ಓಣಿಯಲ್ಲಿ ನಿಲ್ಲಿಸಿದ.

"ಮಾಸ್ತರ ಗ್ಯಾಂಗ್ ಹತ್ರಿ, ಲಗೂನ ಹತ್ರಿ. ಕಾಲವಿ ನೀರು ಸಂಜಿತನ ಅಷ್ಟ ಅದ."

ಮಾಸ್ತರರಿಗೆ ಅವನು ಹೇಳಿರಲಿಲ್ಲ. ಹೇಳುವುದು ಬೇಕಿದೆ ಅಂತ ಅವನಿಗೆ ಅನ್ನಿಸಿರಲೂ ಇಲ್ಲ. ಹೋದ ವರ್ಷದಿಂದಲೂ ಅದೇ ಹೆಸರು ಕೂಗಿ ಕರೆದೊಯ್ದಿದ್ದ. ಸುಗಲಮ್ಮ ಬಾಗಿಲಲ್ಲಿ ನಿಂತು, "ಅವ್ವ, ಇವತ್ತು ಯಾದಗಿರಿ ಅದ," ಅಂದಳು. ಶೇಖಮ್ಮ, "ಹ್ವಾದ ವರ್ಷ ಸುರಪುರಕ್ಕ ಹೋಗಾಗ್ಲೂ ನಾಟಿ ಹಚ್ಚೇ ಹೋಗಿರಲಿಲ್ಲೇನು? ಮಾಸ್ತರ ಗ್ಯಾಂಗ್ ಅಂದ್ಮ್ಯಾಲ ಮಾಸ್ತರ ಗೊತ್ತಿಲ್ದ ಹೆಂಗ ಬಂದೀತು? ನೀ ಒಬ್ಬಾಕಿ ತಪ್ಪಿಸಿದ್ರ ಹನ್ನೊಂದು ಮಂದಿ ಕೂಲಿ ಹಾಳ. ಹೋಗು, ಅಲ್ಲಿಂದ ಅವರ ಕರ್ಕೊಂಡು ಹೋಗ್ತಾರ," ಅಂದಳು. ನನಗೂ ಹಾಗೇ ಅನ್ನಿಸಿತು, ಎಲ್ಲರಿಗೂ ಹಾಗೇ ಅನ್ನಿಸಿತು. ಸುಗಲಮ್ಮ ಸಮವಸ್ತ್ರವನ್ನು ಚೀಲದಲ್ಲಿ ಮಡಚಿ ಇಟ್ಟುಕೊಂಡು ಟ್ರ್ಯಾಕ್ಟರ್ ಹತ್ತಿದಳು.

ಬಸ್ಸು ಬಂದು ಹೋದ ಮೇಲೆ ಮಾಸ್ತರರು ಶೇಖಮ್ಮನ ಮನೆಗೆ ಓಡಿದರಂತೆ. ಅಲ್ಲಿಂದ ಕಾಲುವೆಯ ಏರಿ ಹಿಡಿದು ಕ್ಯಾಂಪಿಗೆ ಬಂದರು. ಸೈಕಲ್ಲಿನ ಚೈನು ಬಿದ್ದಿತ್ತೋ ಏನೋ, ಅದನ್ನು ತಳ್ಳಿಕೊಂಡೇ ಬಂದಿದ್ದರು. ಅವರು ಬಂದಾಗ ಬಿಸಿಲು ಏರಿತ್ತು.

"ಸರ, ಈಗ ಬಂದ್ರೇನ್ರಿ?" ಸುಗಲಮ್ಮ ಕೆಸರಿನಿಂದ ನೆಟ್ಟಗೆ ಎದ್ದು ನಿಂತಳು. "ಭಾಗಣ್ಣ ನಿಮಗ ಹೇಳಿಲ್ಲೇನ್ರಿ?"

ಅವರು ಭಾಗಣ್ಣನ ಕಡೆ ತಿರುಗಿ, "ಈ ಹುಡುಗಿನ್ನ ಬಿಡು," ಅಂದರು.

"ಸಸಿ ಕಿತ್ತೀವ್ರಿ, ನೀರು ಬಿಟ್ಟೀವಿ. ನಡುವ ಬಿಟ್ರ ನಾ ಸಾಹುಕಾರಗ ಏನು ಹೇಳ್ಲಿ? ನಿಮ್ಮ ಗ್ಯಾಂಗ್ ಅಂತ ನಂಬೀನಿ."

ಸುಗಲಮ್ಮ ನಡುವೆ ಬಾಯಿ ಹಾಕಿದಳು. "ಇನ್ನ ಎರಡ ಮಡಿ ಉಳದಾವ್ರಿ ಸರ. ಮುಗ್ಸಿದ್ರ ಹೋಗಬೌದೇನ್ರಿ?"

ಯಾದಗಿರಿಯಲ್ಲಿ ಆಗಲೇ ಆಯ್ಕೆ ನಡೆಯುತ್ತಿತ್ತು. ಅದು ಬೆಳಗಿನ ಹೊತ್ತು ಮಾತ್ರ, ಮಧ್ಯಾಹ್ನಕ್ಕೆ ಪಟ್ಟಿ ಹಾಕಿ ಎದ್ದುಹೋಗುತ್ತಾರೆ. ಅದು ಮಾಸ್ತರರಿಗೆ ಗೊತ್ತಿತ್ತು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಅವಳ ಮುಖ ನೋಡಿದರು. ಹೇಳಿಬಿಡಬೇಕಿತ್ತು. ಅಲ್ಲೇ, ಆಗಲೇ ಹೇಳಿಬಿಡಬೇಕಿತ್ತು. ಆದರೆ ಅವರು, "ಹೂಂ, ಮುಗಸ್ರಿ," ಅಂದರು. ಪ್ಯಾಂಟು ಮಡಚಿ ಕೆಸರಿಗಿಳಿದು, ಒಂದು ಹಿಡಿ ಸಸಿ ತಗೊಂಡು ನಮ್ಮ ಸಾಲಿನ ಕೊನೆಗೆ ಬಗ್ಗಿದರು.

ಆ ದಿನ ನಾವು ನೆಟ್ಟ ಹಾಗೆ ಯಾವ ಗ್ಯಾಂಗೂ ನೆಟ್ಟಿಲ್ಲ. ಸುಗಲಮ್ಮ ನಡುವಿನಲ್ಲಿ ನಿಂತು, "ಲಗೂ ಲಗೂ" ಅಂತ ಎಲ್ಲರನ್ನೂ ಹುರಿದುಂಬಿಸುತ್ತಿದ್ದಳು. ಬುತ್ತಿ ಬಿಚ್ಚಲಿಲ್ಲ, ನೀರು ಕುಡಿಯಲು ಯಾರೂ ಬದುವಿಗೆ ಹೋಗಲಿಲ್ಲ. ಕೆಸರಿನಲ್ಲಿ ನೆನೆದು ನೆನೆದು ಅವಳ ಕಾಲಬೆರಳ ಸಂದಿ ಮೊದಲೇ ಹುಣ್ಣಾಗಿತ್ತು, ಅಂದು ರಕ್ತ ಬಂತು. ಅವಳು ನಗುತ್ತಲೇ ಇದ್ದಳು. ನಾನು ಅವಳಿಗೆ, "ಹಾಸ್ಟೆಲ್‌ದಾಗಿನ ಮಂಚಕ್ಕ ಈಗ್ಲೇ ಓಡಾಕತ್ತಿಯೇನ?" ಅಂತ ರೇಗಿಸಿದೆ. ಎಲ್ಲರೂ ನಕ್ಕರು. ಮಾಸ್ತರರು ತಲೆಯೆತ್ತಲಿಲ್ಲ. ಸಸಿ ಚುಚ್ಚಲು ಬರದ ಅವರ ಸಾಲು ಸೊಟ್ಟಗಾಗುತ್ತಿತ್ತು, ನಾವೇ ತಿದ್ದಿದೆವು.

ಮುಗಿಯುವಾಗ ಬಿಸಿಲು ಇಳಿಯಲು ಹತ್ತಿತ್ತು. ಸುಗಲಮ್ಮ ಕಾಲುವೆಗೆ ಓಡಿ ಕೈಕಾಲು ತೊಳೆದಳು. ನಾವು ಸೆರಗು ಮರೆ ಹಿಡಿದೆವು, ಸಮವಸ್ತ್ರ ಹಾಕಿಕೊಂಡಳು. ನಾನೇ ಅವಳ ಕೂದಲು ಬಿಚ್ಚಿ, ಒದ್ದೆ ಕೈಯಿಂದ ಬಾಚಿ, ಬಿಗಿಯಾಗಿ ಎರಡು ಹೆರಳು ಹಾಕಿದೆ. ಅವಳು ಏರಿ ಹತ್ತಿ ಮಾಸ್ತರರ ಮುಂದೆ ಬಂದು ನಿಂತಳು.

"ನಡೀರಿ ಸರ."

ಮಾಸ್ತರರ ಪ್ಯಾಂಟಿನ ಕೆಸರು ಒಣಗಿ ಬಿಳಿದಾಗಿತ್ತು. ಅವರು ಅದನ್ನು ಉಗುರಿನಿಂದ ಕೆರೆದರು. ಆಮೇಲೆ, "ಮುಂಜಾನೇನ ಮುಗೀತವ್ವ ಅದು," ಅಂದರು.

ಸುಗಲಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮಗೂ ಹಿಡಿಯಿತು. ಅವಳು ಅಳುತ್ತಾಳೆ ಅಂತ ನಾನು ಹತ್ತಿರ ಹೋದೆ. ಅಳಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಓಡಿಸಿದ್ರಿ ನಮ್ನ?"

ಕೆಳಗೆ ಗದ್ದೆಯಲ್ಲಿ ಭಾಗಣ್ಣ ಕೆಲಸ ನೋಡಿ ಖುಷಿಯಾಗಿ, ಶಾಬಾಷ್ ಅನ್ನುತ್ತಿದ್ದ. ಸುಗಲಮ್ಮ ಹೊಸದಾಗಿ ಹಾಕಿದ ಹೆರಳುಗಳನ್ನು ಹಿಂದಕ್ಕೆ ತಳ್ಳಿ, ತುರುಬು ಸುತ್ತಿ ಕಟ್ಟಿಕೊಂಡಳು. ಅವಳ ಅವ್ವ ಹೇಳಿದ ಮಾತು ಅವಳಿಗೂ ಗೊತ್ತಿತ್ತು, ಮಾಸ್ತರರಿಗೂ ಗೊತ್ತಿತ್ತು. ಮುಕಾದಮನನ್ನು ಕೂಲಿಯವರು ದಿನಾ ಸಂಜೆ ಕೇಳುವ ಮಾತನ್ನೇ ಅವಳು ಅವರನ್ನು ಕೇಳಿದಳು.

"ನಾಳಿಗಿ ಯಾವ ಗದ್ದಿ ರಿ ಸರ?"